ಕುಂಡಿ ಸೀಳಿನಲ್ಲಿ ಕೂದಲ ಗೂಡು: ಪೈಲೋನಿಡಲ್ ಸೈನಸ್ ಯಾಕೆ ಬರುತ್ತದೆ, ಆಪರೇಷನ್ ಆದರೂ ಯಾಕೆ ಮರಳುತ್ತದೆ

ನಮ್ಮ ಚಿಕ್ಕಮ್ಮನ ಮಗ ಒಂದು ಮದುವೆಯ ಪಂಕ್ತಿಯಲ್ಲಿ ಒಂದೇ ಕುಂಡಿಯ ಮೇಲೆ ಭಾರ ಹಾಕಿ ಓರೆಯಾಗಿ ಕೂತಿದ್ದ. ಹೋಳಿಗೆ ಬಡಿಸುವವರು ಬಂದಾಗಲೂ ಪಕ್ಕಕ್ಕೆ ವಾಲಿಕೊಂಡೇ ಎಲೆ ತೋರಿಸಿದ. ಏನೋ ಇದು ಅಂದರೆ, "ಸುಮ್ನೆ, ಬೈಕಲ್ಲಿ ಬಂದೆನಲ್ಲ, ಸೊಂಟ ಹಿಡಿದಿದೆ" ಅಂದ. ಸುಳ್ಳು. ಮೂರು ತಿಂಗಳಿಂದ ಅವನ ಬಾಲದ ಮೂಳೆಯ ಹತ್ತಿರ ಒಂದು ಕುರು ಏಳುತ್ತಿತ್ತು, ಒಡೆಯುತ್ತಿತ್ತು, ರಸಿಗೆ ಸೋರಿ ಮುಚ್ಚಿಕೊಳ್ಳುತ್ತಿತ್ತು, ಮತ್ತೆ ಏಳುತ್ತಿತ್ತು. ಅದನ್ನು ಪೈಲ್ಸ್ ಅಂದುಕೊಂಡು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗುತ್ತಿದ್ದ. ವಯಸ್ಸು 24. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹೇಳುವುದಾದರೂ ಹೇಗೆ? ಕೈಗೆ ಗಾಯವಾದರೆ ತೋರಿಸಬಹುದು, ಇದನ್ನು ಯಾರಿಗೆ ತೋರಿಸುವುದು? ಈ ಲೇಖನದಲ್ಲಿ ಕುಂಡಿ ಅನ್ನುವ ಪದ ಆಗಾಗ ಬರುತ್ತದೆ. ಪೃಷ್ಠ ಅಂತ ಬರೆದರೆ ಮರ್ಯಾದೆ ಉಳಿಯುತ್ತದೆ ನಿಜ. ಆದರೆ ಮರ್ಯಾದೆ ನೋಡಿಕೊಂಡೇ ಜನ ಆರು ತಿಂಗಳು, ವರ್ಷ ಈ ಕಾಯಿಲೆ ಮುಚ್ಚಿಟ್ಟುಕೊಳ್ಳುವುದು.

ಕೊನೆಗೂ ವಿಷಯ ಹೊರಬಿದ್ದಾಗ ಚಿಕ್ಕಮ್ಮ ಹೇಳಿದ್ದು ಒಂದೇ ಮಾತು: "ಉಷ್ಣ ಆಗಿದೆ." ಎಳನೀರು ಬಂತು, ನೆನೆಸಿದ ಮೆಂತ್ಯ ಬಂತು, ಖಾರ ಬಂದ್ ಆಯಿತು. ಪಾಪ, ಖಾರಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಅವನಿಗೆ ಬಂದದ್ದು ಪೈಲೋನಿಡಲ್ ಸೈನಸ್.

ಕುಂಡಿಯ ಎರಡು ಭಾಗ ಸೇರುವ ಸೀಳಿದೆಯಲ್ಲ, ಅದರ ಮೇಲ್ಭಾಗದಲ್ಲಿ, ಮಲದ್ವಾರದಿಂದ ಮೂರು ನಾಲ್ಕು ಬೆರಳಗಲ ಮೇಲೆ, ಸರಿಯಾಗಿ ನಡುಗೆರೆಯಲ್ಲಿ ಸೂಜಿ ಚುಚ್ಚಿದಂಥ ಸಣ್ಣ ತೂತುಗಳು ಕಾಣಿಸುತ್ತವೆ. ಒಂದಿರಬಹುದು, ನಾಲ್ಕೈದಿರಬಹುದು. ಚರ್ಮದ ಅಡಿಯಲ್ಲಿ ಆ ತೂತಿನಿಂದ ಒಂದು ಸುರಂಗ, ಹೆಚ್ಚಾಗಿ ಮೇಲ್ಮುಖವಾಗಿ, ಸೊಂಟದ ಕಡೆಗೆ ಹೋಗುತ್ತದೆ. ಸುರಂಗದ ಒಳಗೆ ಒಂದು ಪೊಳ್ಳು. ಆ ಪೊಳ್ಳಿನಲ್ಲಿ ಕೀವು, ಸತ್ತ ಚರ್ಮ, ಮತ್ತು ಕೂದಲು. ಒಂದೆರಡು ಎಳೆಯಿಂದ ಹಿಡಿದು ಬಾಚಣಿಗೆಯಿಂದ ಬಿಡಿಸಿದ ಗಂಟಿನಷ್ಟು ಕೂದಲು ಇರಬಹುದು.

ಪೈಲ್ಸ್ ಅಂದರೆ ಮೂಲವ್ಯಾಧಿ ಇರುವುದು ಮಲದ್ವಾರದಲ್ಲೇ, ಅಲ್ಲಿನ ರಕ್ತನಾಳದ ಮೆತ್ತೆ ಊದಿಕೊಳ್ಳುವುದು. ಫಿಸ್ತುಲಾ ಅಂದರೆ ಮಲದ್ವಾರದ ಒಳಗಿನಿಂದ ಹೊರಚರ್ಮಕ್ಕೆ ಕೊರೆದುಕೊಂಡ ದಾರಿ. ಪೈಲೋನಿಡಲ್ ಸೈನಸ್ಸಿಗೆ ಕರುಳಿನ ಸಂಪರ್ಕವೇ ಇಲ್ಲ. ಅದು ಚರ್ಮದ ಕಾಯಿಲೆ. ಮಲಬದ್ಧತೆ, ಮೊಟ್ಟೆ, ಮೆಣಸಿನಕಾಯಿ ಯಾವುದನ್ನೂ ಬೈದು ಪ್ರಯೋಜನವಿಲ್ಲ. ಆದರೆ ಕ್ಲಿನಿಕ್ಕುಗಳ ಮುಂದೆ ಮೂರಕ್ಕೂ ಸೇರಿ ಒಂದೇ ಬೋರ್ಡ್ ಹಾಕಿರುತ್ತಾರೆ, ಹಾಗಾಗಿ ಜನಕ್ಕೆ ಗೊಂದಲ ಆಗುವುದು ಸಹಜ.

ಹೆಸರಿನ ಅರ್ಥ ಸರಳ. ಲ್ಯಾಟಿನ್‌ನಲ್ಲಿ ಪೈಲಸ್ ಅಂದರೆ ಕೂದಲು, ನೈಡಸ್ ಅಂದರೆ ಗೂಡು. ಸೈನಸ್ ಅಂದರೆ ಇಲ್ಲಿ ಮೂಗಿನದ್ದಲ್ಲ, ಚರ್ಮದಡಿಯ ಆ ಸುರಂಗ. 1833ರಲ್ಲೇ ಇಂಗ್ಲೆಂಡಿನ ಹರ್ಬರ್ಟ್ ಮೇಯೋ ಇಂಥ ಕೂದಲು ತುಂಬಿದ ತೂತಿನ ಬಗ್ಗೆ ಬರೆದಿದ್ದರು. ಹೆಸರಿಟ್ಟವರು ಅಮೆರಿಕದ ಹಾಡ್ಜಸ್ ಎಂಬ ವೈದ್ಯರು, 1880ರಲ್ಲಿ. ಕೂದಲ ಗೂಡು. ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಒಂದು ಕೂದಲು ಕಿತ್ತು ನೋಡಿ

ಆದರೆ ಅಲ್ಲಿಗೆ ಕೂದಲು ಹೋಗುವುದು ಹೇಗೆ? ಅಲ್ಲೇ ಹುಟ್ಟುತ್ತದಾ, ಹೊರಗಿನಿಂದ ಬರುತ್ತದಾ? ಇಡೀ ಚಿಕಿತ್ಸೆ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಸರ್ಜನ್ ಒಬ್ಬರು ನನಗೆ ಮಾಡಿಸಿದ ಪರೀಕ್ಷೆಯನ್ನು ನೀವೂ ಮಾಡಬಹುದು. ತಲೆಯಿಂದ ಒಂದು ಕೂದಲು ಕಿತ್ತುಕೊಳ್ಳಿ. ಹೆಬ್ಬೆರಳು, ತೋರುಬೆರಳಿನ ನಡುವೆ ಅದನ್ನು ಬೆರಳಿನುದ್ದಕ್ಕೆ ಹಿಡಿದು, ಎರಡೂ ಬೆರಳನ್ನು ಹಿಂದೆ ಮುಂದೆ ಉಜ್ಜಿ. ಕೂದಲು ಹಿಂದೆ ಮುಂದೆ ಹೋಗುವುದಿಲ್ಲ. ಒಂದೇ ದಿಕ್ಕಿಗೆ ತೆವಳುತ್ತದೆ, ಬೇರಿನ ತುದಿ ಮುಂದಾಗಿ. ತಿರುಗಿಸಿ ಹಿಡಿದರೆ ಆ ಕಡೆ ತೆವಳುತ್ತದೆ, ಆಗಲೂ ಬೇರೇ ಮುಂದೆ. ಕಾರಣ, ಕೂದಲಿನ ಮೈಮೇಲೆ ಹೆಂಚು ಹೊದಿಸಿದಂತೆ ಸೂಕ್ಷ್ಮವಾದ ಹುರುಪೆಗಳಿವೆ, ಎಲ್ಲವೂ ಕೂದಲ ತುದಿಯ ಕಡೆಗೆ ಬಾಗಿವೆ. ಬೇರಿನ ಕಡೆಗೆ ನುಣುಪಾಗಿ ಜಾರುತ್ತದೆ, ವಾಪಸ್ ಬರಲು ಹೋದರೆ ಹುರುಪೆ ಕಚ್ಚಿಕೊಳ್ಳುತ್ತದೆ.

ಗೋಧಿ ಹೊಲದ ಕಡೆ ಬೆಳೆದವರಿಗೆ ಈ ಆಟ ಗೊತ್ತಿರುತ್ತದೆ. ತೆನೆಯ ತೊಟ್ಟನ್ನು ಮೇಲೆ ಮಾಡಿ ಅಂಗಿಯ ತೋಳೊಳಗೆ ಸಿಕ್ಕಿಸಿ ಕೈ ಆಡಿಸುತ್ತಿದ್ದರೆ, ತೆನೆ ತಾನೇ ಹತ್ತುತ್ತಾ ಭುಜಕ್ಕೆ ಬಂದುಬಿಡುತ್ತದೆ. ಕೆಳಗೆ ಎಳೆದರೆ ಬರುವುದಿಲ್ಲ. ಕುಂಡಿ ಸೀಳಿನಲ್ಲಿ ಬಿದ್ದ ಕೂದಲಿನ ಕಥೆಯೂ ಇದೇ. ನಡೆದಾಗ, ಕೂತು ಎದ್ದಾಗ ಎರಡು ಕಡೆಯ ಚರ್ಮ ಒಂದಕ್ಕೊಂದು ಉಜ್ಜುತ್ತದೆ. ನಡುವೆ ಬಿದ್ದ ಕೂದಲು ತೆವಳುತ್ತಾ ಆಳಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿ ಚರ್ಮ ಬೆವರಿ ಮೆತ್ತಗಾಗಿರುತ್ತದೆ, ಕೂದಲು ಚುಚ್ಚಿಕೊಂಡು ಒಳಗಿಳಿಯುತ್ತದೆ. ಒಂದು ಹೋದ ದಾರಿಯಲ್ಲಿ ಇನ್ನೊಂದು. ದೇಹಕ್ಕೆ ಅದು ಮುಳ್ಳಿನ ಹಾಗೆ ಹೊರಗಿನ ವಸ್ತು. ಸುತ್ತ ಉರಿಯೂತ, ಆಮೇಲೆ ಬ್ಯಾಕ್ಟೀರಿಯಾ, ಆಮೇಲೆ ಕೀವು.

ಈಗ ಇಷ್ಟು ಸಲೀಸಾಗಿ ಹೇಳಿಬಿಡಬಹುದು. ಆದರೆ 20ನೇ ಶತಮಾನದ ಅರ್ಧದವರೆಗೂ ಹೆಚ್ಚಿನ ವೈದ್ಯರು ಇದು ಹುಟ್ಟಿನಿಂದಲೇ ಬಂದ ದೋಷ ಅಂತಲೇ ನಂಬಿದ್ದರು. ಭ್ರೂಣದಲ್ಲಿ ಬಾಲದ ಮೂಳೆಯ ಬಳಿ ಚರ್ಮದ ಚೂರು ಒಳಗೇ ಉಳಿದುಬಿಡುತ್ತದೆ, ಅದರಲ್ಲಿ ಕೂದಲು ಬೆಳೆಯುತ್ತದೆ ಅನ್ನುವ ಲೆಕ್ಕ. ಹಾಗೆ ನಂಬಿದರೆ ಚಿಕಿತ್ಸೆಯೂ ಹಾಗೇ ಆಗುತ್ತದೆ ಅಲ್ವಾ? ದೋಷವಿರುವ ಇಡೀ ಭಾಗವನ್ನು ಮೂಳೆಯವರೆಗೂ ಕೆತ್ತಿ ತೆಗೆಯುವುದು.

ಎರಡನೇ ಮಹಾಯುದ್ಧದಲ್ಲಿ ಈ ನಂಬಿಕೆಗೆ ಅಮೆರಿಕದ ಸೇನೆ ದುಬಾರಿ ಬೆಲೆ ತೆತ್ತಿತು. ಸುಮಾರು 80,000 ಸೈನಿಕರು ಈ ಕಾಯಿಲೆಗಾಗಿ ಆಸ್ಪತ್ರೆ ಸೇರಿದರು. ಒಬ್ಬೊಬ್ಬರೂ ವಾರಗಟ್ಟಲೆ ಮಂಚದ ಮೇಲೆ. ಗುಂಡೇಟು ತಿನ್ನದೆ, ಕುಂಡಿಯ ಗಾಯದಿಂದ ಯುದ್ಧಕ್ಕೆ ಗೈರು! ಕುಲುಕಾಡುವ ಜೀಪಿನಲ್ಲಿ ದಿನವಿಡೀ ಕೂರುವವರಲ್ಲಿ ಹೆಚ್ಚು ಕಂಡದ್ದರಿಂದ ಲೂಯಿಸ್ ಬ್ಯೂಯಿ ಎಂಬ ವೈದ್ಯರು 1944ರಲ್ಲಿ ಇದನ್ನು 'ಜೀಪ್ ಕಾಯಿಲೆ' ಅಂತಲೇ ಕರೆದರು. ದೊಡ್ಡ ದೊಡ್ಡ ಆಪರೇಷನ್ ಮಾಡಿದರೂ ಕಾಯಿಲೆ ಮರಳುತ್ತಲೇ ಇತ್ತು. ಹುಟ್ಟಿನ ದೋಷವನ್ನು ಬುಡಸಮೇತ ತೆಗೆದ ಮೇಲೂ ಅದೇ ಜಾಗದಲ್ಲಿ ಮತ್ತೆ ಹೇಗೆ ಬರುತ್ತದೆ?

ಇದಕ್ಕೆ ಬಲವಾದ ಉತ್ತರ ಸಿಕ್ಕಿದ್ದು ಒಬ್ಬ ಕ್ಷೌರಿಕನ ಕೈಯಲ್ಲಿ. 1948ರಲ್ಲಿ ಇಂಗ್ಲೆಂಡಿನ ಪೇಟಿ ಮತ್ತು ಸ್ಕಾರ್ಫ್ ಎಂಬ ವೈದ್ಯರು ಕ್ಷೌರಿಕನೊಬ್ಬನ ಬೆರಳ ಸಂದಿಯಲ್ಲಿ ಇದೇ ಕಾಯಿಲೆಯನ್ನು ವರದಿ ಮಾಡಿದರು. ತೂತು, ಸುರಂಗ, ಕೂದಲ ಗಂಟು, ಎಲ್ಲವೂ ಹಾಗೇ. ಬೆರಳ ಸಂದಿಯಲ್ಲಿ ಬಾಲದ ಮೂಳೆ ಇಲ್ಲ, ಅಲ್ಲಿ ಕೂದಲೂ ಬೆಳೆಯುವುದಿಲ್ಲ. ಅಂದರೆ ಅದು ಗಿರಾಕಿಗಳ ಕೂದಲು. ದಿನವೂ ಕತ್ತರಿಸಿದ ಕೂದಲ ಚೂರುಗಳು ಒದ್ದೆ ಬೆರಳ ಸಂದಿಗೆ ಬಿದ್ದು ಚುಚ್ಚಿಕೊಂಡಿದ್ದವು. ಕುರಿ ಉಣ್ಣೆ ಕತ್ತರಿಸುವವರ, ನಾಯಿಗಳ ಕೂದಲು ಕತ್ತರಿಸುವವರ, ಹಾಲು ಕರೆಯುವವರ ಕೈಯಲ್ಲೂ ಇದು ಬರುವುದುಂಟು. ಕೆಲವರ ಹೊಕ್ಕುಳಲ್ಲೂ ಬರುತ್ತದೆ. ಆಳವಾದ ಸಂದಿ, ಬೆವರು, ಉದುರಿದ ಕೂದಲು ಈ ಮೂರು ಸೇರಿದ ಕಡೆಯೆಲ್ಲ ಗೂಡು ಕಟ್ಟಬಹುದು.

ಆಮೇಲೆ ಬಂದವರು ಗ್ರೀಸ್ ದೇಶದ ಸೇನಾ ಸರ್ಜನ್ ಕಾರಿಡಾಕಿಸ್. ಅವರದು ಸೇನೆಯವರಿಗೆ ಒಪ್ಪುವಂಥ ಲೆಕ್ಕ: ನುಗ್ಗುವವನು ಯಾರು, ನುಗ್ಗಿಸುವ ಬಲ ಯಾವುದು, ಕೋಟೆಯ ದುರ್ಬಲ ಜಾಗ ಎಲ್ಲಿ. ನುಗ್ಗುವುದು ಉದುರಿದ ಕೂದಲು, ಬಲ ಅಂದರೆ ಚರ್ಮದ ಉಜ್ಜಾಟ, ದುರ್ಬಲ ಜಾಗ ಸೀಳಿನ ಆಳ. ಅಮೆರಿಕದ ಜಾನ್ ಬ್ಯಾಸ್ಕಮ್ 1980ರ ಆಸುಪಾಸಿನಲ್ಲಿ ಸ್ವಲ್ಪ ಬೇರೆ ಹೇಳಿದರು. ಮೊದಲು ನಡುಗೆರೆಯ ರೋಮಕೂಪವೊಂದು ಹಿಗ್ಗಿ, ತುಂಬಿಕೊಂಡು, ಒಳಕ್ಕೆ ಒಡೆಯುತ್ತದೆ. ಕೂದಲು ಆಮೇಲೆ ಸೇರಿಕೊಳ್ಳುತ್ತದೆ. ಇವರಿಬ್ಬರಲ್ಲಿ ಯಾರು ಹೆಚ್ಚು ಸರಿ ಅನ್ನುವ ಚರ್ಚೆ ಇನ್ನೂ ಇದೆ. ಆದರೆ ಒಂದು ವಿಷಯದಲ್ಲಿ ಇಬ್ಬರೂ ಒಂದೇ: ತಪ್ಪು ಇರುವುದು ಚರ್ಮದಡಿಯ ಪೊಳ್ಳಿನಲ್ಲಲ್ಲ, ಸೀಳಿನಲ್ಲಿ. ಇದನ್ನು ನೆನಪಿಟ್ಟುಕೊಂಡರೆ ಮುಂದೆ ಆಪರೇಷನ್ ವಿಷಯ ಅರ್ಥವಾಗುತ್ತದೆ.

ಇನ್ನೊಂದು ಮಜಾ ಸಂಗತಿ. ಕುಂಡಿಯ ಕೂದಲೇ ಅಲ್ಲಿ ಸೇರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. 2018ರಲ್ಲಿ ಜರ್ಮನಿಯ ವೈದ್ಯರು ಗೂಡಿನಿಂದ ತೆಗೆದ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಹುಪಾಲು ಬೇರಿಲ್ಲದ, ಚೂಪಾಗಿ ಕತ್ತರಿಸಿದ ಚಿಕ್ಕ ಚೂರುಗಳು ಸಿಕ್ಕವು. ಅಂದರೆ ಕತ್ತರಿಯೋ ಬ್ಲೇಡೋ ಮುಟ್ಟಿದ ಕೂದಲು, ಮುಖ್ಯವಾಗಿ ತಲೆಯ ಹಿಂಭಾಗದ್ದು. ಕಟಿಂಗ್ ಮಾಡಿಸಿಕೊಂಡಾಗ ಕಾಲರ್ ಒಳಗೆ ಬಿದ್ದ ಚೂರು ಬೆನ್ನಿನ ಮೇಲೆ ಜಾರಿ ಅಲ್ಲಿ ಸೇರಿತ್ತು. ನನಗೆ ತಕ್ಷಣ ಅಜ್ಜಿಯ ನೆನಪಾಯಿತು. ಕ್ಷೌರ ಮಾಡಿಸಿಕೊಂಡು ಬಂದವರಿಗೆ ಮುಂಬಾಗಿಲಿಂದ ಪ್ರವೇಶವೇ ಇರಲಿಲ್ಲ. ಹಿತ್ತಲಿಂದ ಬಂದು ತಲೆಗೆ ನೀರು ಹಾಕಿಕೊಂಡೇ ಒಳಗೆ. ಅವಳಿಗೆ ಅದು ಮೈಲಿಗೆಯ ವಿಚಾರ, ಸೈನಸ್ ಗೀನಸ್ ಗೊತ್ತಿಲ್ಲ. ಆದರೂ ಕಟಿಂಗ್ ಆದ ಕೂಡಲೇ ಸ್ನಾನ ಮಾಡುವುದರಲ್ಲಿ ನಷ್ಟವೇನೂ ಇಲ್ಲ.

ಯಾರಿಗೆ ಬರುತ್ತದೆ

ಹೆಚ್ಚಾಗಿ ಹರೆಯ ಶುರುವಾದ ಮೇಲೆ, 15ರಿಂದ 30ರ ಒಳಗಿನವರಿಗೆ. 40 ದಾಟಿದ ಮೇಲೆ ಹೊಸದಾಗಿ ಬರುವುದು ಅಪರೂಪ. ನಾರ್ವೆಯಲ್ಲಿ 1990ರ ದಶಕದಲ್ಲಿ ಲೆಕ್ಕ ಹಾಕಿದಾಗ ವರ್ಷಕ್ಕೆ ಲಕ್ಷ ಜನರಲ್ಲಿ 26 ಮಂದಿಗೆ ಬಂದಿತ್ತು, ಗಂಡಸರಲ್ಲಿ ಹೆಂಗಸರ ಎರಡು ಪಟ್ಟಿಗಿಂತ ಜಾಸ್ತಿ. ಟರ್ಕಿಯಲ್ಲಿ 1,000 ಸೈನಿಕರನ್ನು ಪರೀಕ್ಷಿಸಿದಾಗ 88 ಜನರಲ್ಲಿ ಕಂಡಿತ್ತು. ಅವರಲ್ಲಿ ಎಷ್ಟೋ ಜನರಿಗೆ ಇದೆ ಅನ್ನುವುದೇ ಗೊತ್ತಿರಲಿಲ್ಲ. ಮೈತುಂಬ ದಪ್ಪ ಕೂದಲಿರುವವರು, ತೂಕ ಹೆಚ್ಚಿರುವವರು, ಆಳವಾದ ಸೀಳಿರುವವರು, ತಾಸುಗಟ್ಟಲೆ ಕೂತೇ ಕೆಲಸ ಮಾಡುವವರು, ಮನೆಯಲ್ಲಿ ಯಾರಿಗಾದರೂ ಬಂದಿರುವವರು, ಇವರಲ್ಲಿ ಸಾಧ್ಯತೆ ಹೆಚ್ಚು. ಲಾರಿ ಓಡಿಸುವವರು, ಬೈಕ್ ಮೇಲೆ ಪಾರ್ಸೆಲ್ ಹಂಚುವವರು, ಲ್ಯಾಪ್‌ಟಾಪ್ ಮುಂದೆ ಕೂರುವವರು ಎಲ್ಲರೂ ಈ ಲೆಕ್ಕಕ್ಕೆ ಬರುತ್ತಾರೆ. ಹಾಗಂತ ತೆಳ್ಳಗಿನ ಹುಡುಗಿಯರಿಗೆ ಬರುವುದಿಲ್ಲ ಅಂತಲ್ಲ. ಮತ್ತೆ ಇದು ಕೊಳಕಿನ ಕಾಯಿಲೆಯೂ ಅಲ್ಲ, ಅಂಟುರೋಗವೂ ಅಲ್ಲ.

ಕತ್ತಿಯ ಕೆಲಸ

ಕೆಲವರಲ್ಲಿ ಬರೀ ತೂತಿರುತ್ತದೆ. ನೋವಿಲ್ಲ, ಸೋರುವುದಿಲ್ಲ. ಅವರಿಗೆ ಆಪರೇಷನ್ ಬೇಕಿಲ್ಲ. ಸುತ್ತಲಿನ ಕೂದಲು ತೆಗೆದು, ಸ್ವಚ್ಛವಾಗಿಟ್ಟುಕೊಂಡು ಇದ್ದರೆ ಸಾಕು.

ಇನ್ನು ಕೆಲವರಿಗೆ ಒಂದು ರಾತ್ರಿಯಲ್ಲಿ ಕೀವು ತುಂಬಿ ಊದಿಕೊಳ್ಳುತ್ತದೆ. ಕೂರಲಾಗುವುದಿಲ್ಲ, ಅಂಗಾತ ಮಲಗಲಾಗುವುದಿಲ್ಲ, ಜ್ವರ ಬೇರೆ. ಕೀವು ಗಟ್ಟಿಯಾಗಿ ತುಂಬಿದ ಮೇಲೆ ಆಂಟಿಬಯಾಟಿಕ್ ಮಾತ್ರೆಯೊಂದೇ ಸಾಲುವುದಿಲ್ಲ, ಕೊಯ್ದು ಕೀವು ತೆಗೆಯಲೇಬೇಕು. ಹತ್ತು ನಿಮಿಷದ ಕೆಲಸ. ತಿಳಿದ ಸರ್ಜನ್ ಆದರೆ ಕತ್ತಿಯನ್ನು ನಡುಗೆರೆಯ ಮೇಲೆ ಇಡುವುದಿಲ್ಲ, ಒಂದೆರಡು ಸೆಂಟಿಮೀಟರ್ ಪಕ್ಕಕ್ಕೆ ಕೊಯ್ಯುತ್ತಾರೆ. ಪಕ್ಕದ ಗಾಯ ಬೇಗ ಮಾಗುತ್ತದೆ. ಕೀವು ಹೋದ ಕೂಡಲೇ ಜೀವ ಬಂದಂತಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ಅಷ್ಟರಲ್ಲೇ ಮಾಗಿಬಿಡುತ್ತದೆ. ಉಳಿದವರಿಗೆ ತೂತು, ಸುರಂಗ ಹಾಗೇ ಇರುವುದರಿಂದ ಮುಂದಿನ ಆಪರೇಷನ್ ಬೇಕಾಗುತ್ತದೆ.

ಈ ಮುಂದಿನ ಆಪರೇಷನ್ ವಿಷಯದಲ್ಲೇ ಒಬ್ಬೊಬ್ಬರು ಒಂದೊಂದು ಹೇಳುವುದು.

ಹಳೆಯ ದಾರಿ, ಕೆತ್ತಿ ತೆಗೆದು ಗಾಯವನ್ನು ಹಾಗೇ ಬಿಡುವುದು. ಹೊಲಿಗೆ ಇಲ್ಲ. ಗಾಯ ತಳದಿಂದ ತಾನಾಗಿ ತುಂಬಿಕೊಂಡು ಬರಬೇಕು. ದಿನವೂ ಒಳಗೆ ಗಾಜ್ ಇಟ್ಟು ಡ್ರೆಸ್ಸಿಂಗ್ ಮಾಡಬೇಕು. ಎರಡು ತಿಂಗಳು, ಮೂರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಸೋಂಕು ಹೆಚ್ಚಾಗಿದ್ದರೆ ಈಗಲೂ ಇದೇ ಸರಿ ಅನ್ನಿಸುವ ಸಂದರ್ಭಗಳಿವೆ. ಆದರೆ ದಿನಗೂಲಿಯವನಿಗೆ, ಪರೀಕ್ಷೆ ಹತ್ತಿರವಿರುವ ವಿದ್ಯಾರ್ಥಿಗೆ ಮೂರು ತಿಂಗಳು ಅಂದರೆ ಏನು ಅಂತ ಯೋಚಿಸಿ.

ಹಾಗಾದರೆ ಕೆತ್ತಿ ತೆಗೆದು, ಎರಡು ಅಂಚನ್ನು ನಡುವೆ ಸೇರಿಸಿ ನೇರ ಹೊಲಿಗೆ ಹಾಕಿದರೆ? ನೋಡಲು ಅಚ್ಚುಕಟ್ಟು. ನಮ್ಮ ಹುಡುಗನಿಗೆ ಮೊದಲ ಸಲ ಮಾಡಿದ್ದು ಇದನ್ನೇ. ಮೂರನೇ ದಿನ ಮನೆಗೆ ಬಂದ, ಎಲ್ಲರೂ ಖುಷಿ. ಹನ್ನೊಂದನೇ ದಿನ ಬೆಳಿಗ್ಗೆ ಹಾಸಿಗೆಯ ಮೇಲೆ ಕಲೆ. ನೋಡಿದರೆ ಕೆಳಗಿನ ಮೂರು ಹೊಲಿಗೆ ಬಿಟ್ಟುಕೊಂಡಿತ್ತು.

ಅವನದು ಗ್ರಹಚಾರವಲ್ಲ. ಸೀಳಿನ ತಳದಲ್ಲಿ ಗಾಳಿಯಾಡುವುದಿಲ್ಲ, ಬೆವರು ಆರುವುದಿಲ್ಲ. ಕೂತಾಗಲೆಲ್ಲ ಎರಡೂ ಕಡೆಯಿಂದ ಎಳೆತ ಸರಿಯಾಗಿ ಹೊಲಿಗೆಯ ಮೇಲೇ ಬೀಳುತ್ತದೆ. ಹೊಲಿಗೆ ಹೇಗೋ ಹಿಡಿದುಕೊಂಡರೂ ಸೀಳು ಮೊದಲಿನಷ್ಟೇ ಆಳ, ಅದರ ತಳದಲ್ಲೇ ಈಗ ಮೆತ್ತಗಿನ ಹೊಸ ಕಲೆ. ಹೊಲಿಗೆಯ ಸೂಜಿ ತೂರಿದ ತೂತುಗಳು ಬೇರೆ. ಕೂದಲಿಗೆ ಇನ್ನೇನು ಬೇಕು? ಕಾಕ್ರೇನ್ ಸಂಸ್ಥೆ 2010ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ ಸ್ಪಷ್ಟವಾಗಿ ಹೇಳಿತು: ಹೊಲಿಗೆ ಹಾಕುವುದೇ ಆದರೆ ನಡುಗೆರೆ ಬಿಟ್ಟು ಪಕ್ಕಕ್ಕೆ ಹಾಕಿ. 2018ರಲ್ಲಿ ಜರ್ಮನಿಯವರು ನೂರಾರು ಅಧ್ಯಯನಗಳನ್ನು ಸೇರಿಸಿ ವರ್ಷಗಳ ಲೆಕ್ಕ ಹಾಕಿದಾಗ, ನಡುವೆ ಹೊಲಿದವರಲ್ಲಿ 20 ವರ್ಷದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಕಾಯಿಲೆ ಮರಳಿತ್ತು. "ನಮ್ಮಲ್ಲಿ ಯಾರಿಗೂ ವಾಪಸ್ ಬಂದಿಲ್ಲ" ಅನ್ನುವ ವೈದ್ಯರನ್ನು ಎಷ್ಟು ವರ್ಷದ ಲೆಕ್ಕ ಅಂತ ಕೇಳಬೇಕಾಗಿರುವುದು ಇದಕ್ಕೇ. ಒಂದು ವರ್ಷದಲ್ಲಿ ಎಲ್ಲ ಆಪರೇಷನ್ನೂ ಚೆನ್ನಾಗೇ ಕಾಣುತ್ತದೆ.

ಕಾರಿಡಾಕಿಸ್ ಮಾಡಿದ್ದು ಇಷ್ಟೇ. ಕಾಯಿಲೆಯ ಭಾಗವನ್ನು ತೆಗೆಯುವಾಗ ಕೊಯ್ತವನ್ನೇ ಒಂದು ಪಕ್ಕಕ್ಕೆ ಸರಿಸಿದರು. ನಡುಗೆರೆಯ ಕಡೆಯ ಚರ್ಮವನ್ನು ಅಡಿಯಿಂದ ಬಿಡಿಸಿ, ಎಳೆದು ತಂದು ಆಚೆ ಪಕ್ಕಕ್ಕೆ ಹೊಲಿದರು. ಹೊಲಿಗೆ ಈಗ ಸೀಳಿನಲ್ಲಿಲ್ಲ, ಗಾಳಿಯಾಡುವ ಪಕ್ಕದಲ್ಲಿದೆ. ನಡುವೆ ಬಂದಿರುವುದು ತೂತಿಲ್ಲದ ಗಟ್ಟಿ ಚರ್ಮ, ಸೀಳೂ ಮೊದಲಿನಷ್ಟು ಆಳವಿಲ್ಲ. 1966ರಿಂದ 1990ರವರೆಗೆ 6,500ಕ್ಕೂ ಹೆಚ್ಚು ಜನರಿಗೆ ಹೀಗೆ ಮಾಡಿ, ಮರಳಿ ಬಂದದ್ದು ನೂರಕ್ಕೆ ಒಬ್ಬರ ಆಸುಪಾಸು ಅಂತ 1992ರಲ್ಲಿ ವರದಿ ಕೊಟ್ಟರು. ಬ್ಯಾಸ್ಕಮ್ ಅವರ 'ಕ್ಲೆಫ್ಟ್ ಲಿಫ್ಟ್' ಇದರ ತಮ್ಮನಂಥದ್ದು. ಅದರಲ್ಲಿ ಚರ್ಮವನ್ನು ಮಾತ್ರ ತೆಗೆದು, ಒಳಗಿನ ಕೊಬ್ಬನ್ನು ಆದಷ್ಟು ಉಳಿಸಿಕೊಂಡು, ಅದನ್ನೇ ಸೇರಿಸಿ ಸೀಳನ್ನು ಮೇಲೆತ್ತುತ್ತಾರೆ. ಹಲವು ಸಲ ಆಪರೇಷನ್ ಆಗಿಯೂ ಗಾಯ ಮಾಗದವರಿಗೆ ಇದು ಒಳ್ಳೆಯದು ಅನ್ನಿಸಿಕೊಂಡಿದೆ.

ನಮ್ಮ ಕಡೆ ಹೆಚ್ಚು ಕೇಳುವ ಹೆಸರು ಲಿಂಬರ್ಗ್ ಫ್ಲಾಪ್. ಫ್ಲಾಪ್ ಅಂದರೆ ಪಕ್ಕದಿಂದ ತಿರುಗಿಸಿ ತಂದು ಕೂರಿಸುವ ಚರ್ಮದ ತುಂಡು. ಲೆನಿನ್‌ಗ್ರಾಡಿನ ಅಲೆಕ್ಸಾಂಡರ್ ಲಿಂಬರ್ಗ್ ಮುಖದ ಗಾಯ ಸರಿಮಾಡುತ್ತಿದ್ದ ಸರ್ಜನ್. ಕುಂಡಿಗೂ ಅವರಿಗೂ ಸಂಬಂಧವಿರಲಿಲ್ಲ, ಅವರ ಜ್ಯಾಮಿತಿ ಮಾತ್ರ ಇಲ್ಲಿಗೆ ಬಂತು. ತಟ್ಟೆಯಲ್ಲಿ ಹರಡಿದ ಕೊಬ್ಬರಿ ಮಿಠಾಯಿಯನ್ನು ಓರೆಯಾಗಿ ಕೊಯ್ದರೆ ವಜ್ರದಾಕಾರದ ತುಂಡು ಬರುತ್ತದಲ್ಲ, ಕಾಯಿಲೆಯ ಭಾಗವನ್ನು ಅದೇ ಆಕಾರದಲ್ಲಿ, ಅಡಿಯ ಮೂಳೆಯ ಪೊರೆಯವರೆಗೆ ತೆಗೆಯುತ್ತಾರೆ. ಪಕ್ಕದ ಕುಂಡಿಯ ಮೇಲೆ ಅಷ್ಟೇ ಅಳತೆಯ ಇನ್ನೊಂದು ವಜ್ರ ಬರೆದು, ಒಂದು ಬದಿಯನ್ನು ಅಂಟಿಕೊಂಡಿರಲು ಬಿಟ್ಟು, ಉಳಿದ ಕಡೆ ಕೊಬ್ಬಿನ ಸಮೇತ ಬಿಡಿಸುತ್ತಾರೆ. ಆ ಅಂಟಿದ ಬದಿಯಿಂದಲೇ ಅದಕ್ಕೆ ರಕ್ತ ಬರುವುದು. ತುಂಡನ್ನು ತಿರುಗಿಸಿ ಖಾಲಿ ವಜ್ರದಲ್ಲಿ ಕೂರಿಸುತ್ತಾರೆ. ತುಂಡು ತೆಗೆದ ಜಾಗದ ಅಂಚುಗಳನ್ನು ಸೇರಿಸಿ ಹೊಲಿಯುತ್ತಾರೆ. ಸೀಳು ಅಲ್ಲಿಗೆ ಚಪ್ಪಟೆಯಾಗುತ್ತದೆ. ಮೊದಮೊದಲು ವಜ್ರದ ಕೆಳತುದಿ ನಡುಗೆರೆಯ ಮೇಲೇ ಬರುತ್ತಿತ್ತು, ಕಾಯಿಲೆ ಮರಳಿದರೆ ಅಲ್ಲೇ ಮರಳುತ್ತಿತ್ತು. ಅದಕ್ಕೇ ಈಗ ಆ ತುದಿಯನ್ನೂ ಒಂದೆರಡು ಸೆಂಟಿಮೀಟರ್ ಪಕ್ಕಕ್ಕೆ ಎಳೆಯುತ್ತಾರೆ.

ಎರಡನೇ ಸಲ ನಮ್ಮ ಹುಡುಗನಿಗೆ ಬೇರೆ ಕಡೆ ಆದದ್ದು ಇದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ, ಬೋರಲು ಮಲಗಿಸಿ, ಎರಡೂ ಕುಂಡಿಯನ್ನು ಅಗಲವಾದ ಟೇಪಿನಿಂದ ಮೇಜಿಗೆ ಎಳೆದು ಕಟ್ಟಿದರಂತೆ. ತೂತಿನೊಳಗೆ ನೀಲಿ ಬಣ್ಣದ ದ್ರವ ಬಿಟ್ಟರು, ಸುರಂಗದ ಕವಲು ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ನೀಲಿ. ನೀಲಿ ಕಂಡದ್ದೆಲ್ಲ ಹೊರಗೆ. ಆಮೇಲೆ ಸರ್ಜನ್ ಗಾಜ್ ಬಟ್ಟೆಯ ಮೇಲೆ ಇಟ್ಟು ನಮಗೆ ತೋರಿಸಿದರು: ಬೆರಳ ಗಿಣ್ಣಿನಷ್ಟು ಮಾಂಸ, ಅದನ್ನು ಸೀಳಿದರೆ ಒಳಗೆ ಒದ್ದೆಯಾದ ಕಪ್ಪು ಕೂದಲ ಕುಚ್ಚು, ಎಲ್ಲ ಒಂದೇ ಕಡೆ ಮುಖ ಮಾಡಿ ಮಲಗಿದ್ದವು. ಚಿಕ್ಕಮ್ಮ ಆಮೇಲೆ ಉಷ್ಣದ ಮಾತೆತ್ತಲಿಲ್ಲ.

ಫ್ಲಾಪಿಗೆ ಅದರದೇ ತೊಂದರೆಗಳಿವೆ. ಕಲೆ ದೊಡ್ಡದು, ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಕುಂಡಿಯ ಮೇಲೆ ಉಳಿಯುತ್ತದೆ. ಆ ಚರ್ಮ ಕೆಲವು ತಿಂಗಳು, ಕೆಲವರಿಗೆ ಶಾಶ್ವತವಾಗಿ, ಸ್ವಲ್ಪ ಮರಗಟ್ಟಿದಂತೆ ಇರುತ್ತದೆ. ಒಳಗೆ ನೀರು ಸೇರದಿರಲಿ ಅಂತ ಕೆಲವು ದಿನ ಸಣ್ಣ ನಳಿಕೆ ಇಡುತ್ತಾರೆ. ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಅಂಚು ಕೊಳೆಯುವ ಭಯವಿದೆ.

ಎಲ್ಲರಿಗೂ ಇಷ್ಟು ದೊಡ್ಡ ಕೆಲಸ ಬೇಕಿಲ್ಲ. ಕಾಯಿಲೆ ಚಿಕ್ಕದಿದ್ದರೆ ತೂತುಗಳನ್ನಷ್ಟೇ ಅಕ್ಕಿಕಾಳಿನಷ್ಟು ಕೆತ್ತಿ, ಪಕ್ಕದ ಸಣ್ಣ ಕೊಯ್ತದಿಂದ ಒಳಗಿನ ಪೊಳ್ಳು ಸ್ವಚ್ಛ ಮಾಡುವ ವಿಧಾನವಿದೆ. ಅದನ್ನು ಪಿಟ್ ಪಿಕಿಂಗ್ ಅನ್ನುತ್ತಾರೆ. ಫೀನಾಲ್ ರಾಸಾಯನಿಕ ಹಾಕಿ ಸುರಂಗದ ಒಳಗೋಡೆ ಸುಡುವುದು ಇದೆ, ಟರ್ಕಿಯಲ್ಲಿ ಇದು ಬಹಳ ಬಳಕೆಯಲ್ಲಿದೆ. ಸಣ್ಣ ಕ್ಯಾಮೆರಾ ತೂರಿಸಿ ಕೂದಲು ಹೆಕ್ಕಿ ಒಳಗೋಡೆ ಸುಡುವ ಎಂಡೋಸ್ಕೋಪಿ ವಿಧಾನ, ಲೇಸರ್ ನಾರು ತೂರಿಸಿ ಸುಡುವ ವಿಧಾನ ಇತ್ತೀಚಿನವು. ಇವೆಲ್ಲದರಲ್ಲೂ ಗಾಯ ಸಣ್ಣದು, ನೋವು ಕಡಿಮೆ, ಕೆಲವೇ ದಿನಗಳಲ್ಲಿ ಕೆಲಸಕ್ಕೆ ಹೋಗಬಹುದು. ಆದರೆ ಸೀಳು ಹಾಗೇ ಉಳಿಯುತ್ತದೆ, ಹಾಗಾಗಿ ಫ್ಲಾಪಿಗಿಂತ ಮರಳುವ ಸಾಧ್ಯತೆ ಜಾಸ್ತಿ. ಚಿಕ್ಕ ಕಾಯಿಲೆಗೆ ಚಿಕ್ಕ ಆಪರೇಷನ್, ಅದು ಸೋತರೆ ಮುಂದಿನದು ಅನ್ನುವುದು ನನಗಂತೂ ಒಪ್ಪಿಗೆಯಾಗುವ ದಾರಿ. "ನೋವಿಲ್ಲದ ಲೇಸರ್, ಒಂದೇ ದಿನದಲ್ಲಿ ಶಾಶ್ವತ ಪರಿಹಾರ" ಅನ್ನುವ ಬೋರ್ಡ್ ಮಾತ್ರ ಒಪ್ಪುವಂಥದ್ದಲ್ಲ.

ಕ್ಷಾರಸೂತ್ರದ ಬಗ್ಗೆ ಕೇಳದೆ ಬಿಡುವವರಿಲ್ಲ. ಸುಶ್ರುತನ ಕಾಲದಿಂದ ಬಂದ ಈ ವಿಧಾನದಲ್ಲಿ ಲಿನನ್ ದಾರಕ್ಕೆ ಕಳ್ಳಿ ಹಾಲು, ಉತ್ತರಾಣಿಯ ಕ್ಷಾರ, ಅರಿಶಿನ ಸೇರಿ 21 ಸಲ ಲೇಪ ಕೊಡುತ್ತಾರೆ. ಆ ದಾರವನ್ನು ಸುರಂಗದೊಳಗೆ ತೂರಿಸಿ ಕಟ್ಟಿ, ವಾರಕ್ಕೊಮ್ಮೆ ಬದಲಿಸುತ್ತಾ ಹೋದರೆ ದಾರ ನಿಧಾನವಾಗಿ ಕೊಯ್ಯುತ್ತಾ, ಹಿಂದೆಯೇ ಗಾಯ ಮಾಗುತ್ತಾ ಬರುತ್ತದೆ. ಉತ್ತರಾಣಿ ಅಂದರೆ ಹೊಲದ ಬದುವಿನಲ್ಲಿ ನಡೆದರೆ ಪಂಚೆಗೆ, ಲಂಗಕ್ಕೆ ಅಂಟಿಕೊಳ್ಳುತ್ತದಲ್ಲ, ಅದೇ. ಅಂಟಿಕೊಂಡು ಬಿಡದ ಕೂದಲಿಗೆ ಅಂಟಿಕೊಂಡು ಬಿಡದ ಗಿಡದ ಮದ್ದು! ಫಿಸ್ತುಲಾಗೆ ಇದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1991ರಲ್ಲಿ ಪ್ರಕಟಿಸಿದ ಪ್ರಯೋಗದ ಆಧಾರವಿದೆ. ಪೈಲೋನಿಡಲ್ ಸೈನಸ್ಸಿಗೆ ಅಷ್ಟು ಗಟ್ಟಿ ಆಧಾರ ಸಿಕ್ಕಿಲ್ಲ. ಮಾಡಿಸಿಕೊಳ್ಳುವುದಾದರೆ ಶಲ್ಯತಂತ್ರ, ಅಂದರೆ ಆಯುರ್ವೇದದ ಶಸ್ತ್ರಚಿಕಿತ್ಸೆ, ಓದಿದ ವೈದ್ಯರ ಬಳಿಯೇ ಹೋಗಬೇಕು, ಸಂತೆಯಲ್ಲಿ ಕೂತವರ ಹತ್ತಿರ ಅಲ್ಲ.

ಆಪರೇಷನ್ ಮುಗಿದ ಮೇಲೆ

ಫ್ಲಾಪ್ ಆದ ಮೇಲೆ ಒಂದೆರಡು ವಾರ ನೇರವಾಗಿ ಕೂರುವಂತಿಲ್ಲ. ಪಕ್ಕಕ್ಕೋ ಬೋರಲೋ ಮಲಗಬೇಕು. ನಮ್ಮ ಹುಡುಗ ಅಡುಗೆಮನೆ ಕಟ್ಟೆಯ ಮುಂದೆ ನಿಂತು ಊಟ ಮಾಡಿದ, ಕಪಾಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡಿದ. ಸುಮಾರು ಎರಡು ವಾರಕ್ಕೆ ಹೊಲಿಗೆ ಬಿಚ್ಚಿದರು. ಭಾರ ಎತ್ತುವುದು, ಬೈಕು, ಎಲ್ಲ ಆಮೇಲೆ, ವೈದ್ಯರು ಹೇಳಿದ ಮೇಲೆ. ದಿನಾ ಡ್ರೆಸ್ಸಿಂಗ್ ಮಾಡುವ ಕೆಲಸ ನನಗೆ ಬಿತ್ತು. ಮೊದಲ ದಿನ ಇಬ್ಬರಿಗೂ ಮುಜುಗರ. ನಾಲ್ಕನೇ ದಿನ ಅವನು ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತಾ ಮ್ಯಾಚ್ ನೋಡುತ್ತಿದ್ದ.

ಕೂದಲಿನ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ರೇಜರ್‌ನಲ್ಲಿ ಬೋಳಿಸಿಕೊಳ್ಳುತ್ತಿದ್ದರೆ ಆಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ವರ್ಷಗಟ್ಟಲೆ ಬೋಳಿಸಿಕೊಂಡವರಲ್ಲಿ ಕಾಯಿಲೆ ಮರಳುವುದು ಹೆಚ್ಚಾಗಿ ಕಂಡಿದೆ. ಚೂಪಾದ ಚೂರುಗಳ ಕಥೆ ನೆನಪಿದ್ದರೆ ಇದರಲ್ಲಿ ಆಶ್ಚರ್ಯವಿಲ್ಲ. ಲೇಸರ್‌ನಿಂದ ಕೂದಲಿನ ಬುಡವನ್ನೇ ಸುಡುವುದು ಬೇರೆ ಮಾತು. ಸುರಂಗ ಸುಡುವ ಲೇಸರ್ ಬೇರೆ, ಇದು ಬೇರೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 11ರಿಂದ 21 ವಯಸ್ಸಿನ 302 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಲೇಸರ್‌ನಿಂದ ಕೂದಲು ತೆಗೆಸಿಕೊಂಡವರಲ್ಲಿ ಒಂದು ವರ್ಷದೊಳಗೆ ಮರಳಿದ್ದು ನೂರಕ್ಕೆ ಸುಮಾರು 10 ಜನರಿಗೆ, ಉಳಿದ ಗುಂಪಿನಲ್ಲಿ ಸುಮಾರು 34 ಜನರಿಗೆ. ಹಲವು ಸಲ ಹೋಗಬೇಕು, ಖರ್ಚೂ ಇದೆ. ಆದರೂ ಎರಡನೇ ಆಪರೇಷನ್ನಿಗಿಂತ ಅಗ್ಗ.

ಹತ್ತಾರು ವರ್ಷ ಸೋರುತ್ತಲೇ ಬಿಟ್ಟ ಗಾಯದಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುವುದು ಇದೆ, ತೀರಾ ಅಪರೂಪ. ಹೆದರಿಸಲು ಹೇಳುತ್ತಿಲ್ಲ. ಆದರೆ ಹಳೆಯ ಗಾಯದ ಅಂಚು ಗಂಟುಗಂಟಾಗಿ ಬೆಳೆಯುತ್ತಿದ್ದರೆ ತಡಮಾಡದೆ ತೋರಿಸಿ.

ಜನರಲ್ ಸರ್ಜನ್ ಬಳಿ ಹೋದರೆ ಸಾಕು, ದೊಡ್ಡ ಊರೇ ಆಗಬೇಕೆಂದಿಲ್ಲ. ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಈ ಆಪರೇಷನ್ ಮಾಡುತ್ತಾರೆ. ಹೋದಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: "ಡಾಕ್ಟ್ರೇ, ಹೊಲಿಗೆ ನಡುಗೆರೆಯ ಮೇಲೆ ಬರುತ್ತಾ, ಪಕ್ಕಕ್ಕೆ ಬರುತ್ತಾ?" ಮೊದಲ ಸಲ ನಮ್ಮಲ್ಲಿ ಯಾರಿಗೂ ಇದನ್ನು ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಎರಡನೇ ಸರ್ಜನ್‌ಗೆ ಕೇಳಿದಾಗ ಅವರು ಪೆನ್ ತೆಗೆದು, ಔಷಧಿ ಚೀಟಿಯ ಹಿಂದೆ ಒಂದು ವಜ್ರ ಬರೆದರು.